ನಾವು ರೂಟರ್ ಹಿಡಿದದ್ದು



ನಮ್ಮ ಊರು ವೈ.ಎನ್. ಹೊಸಕೋಟೆ. ತುಮಕೂರು ಜಿಲ್ಲೆ, ಪಾವಗಡ ತಾಲ್ಲೂಕು. ಆಂಧ್ರದ ಗಡಿ ನಮಗೆ ಹತ್ತಿರ. ಮನೆಯಲ್ಲಿ ತೆಲುಗು ಆಡುವವರು ನಮ್ಮಲ್ಲಿ ಬಹಳ ಮಂದಿ. ಅಕ್ಷರ ಕಲಿತದ್ದು ಮಾತ್ರ ಕನ್ನಡದಲ್ಲಿ.

ನಮ್ಮೂರು ರೇಷ್ಮೆ ಸೀರೆಗೆ ಹೆಸರಾದ ಊರು. ನೇಕಾರರ ಓಣಿಗೆ ಬಂದರೆ ಮೊದಲು ಮಗ್ಗದ ಸದ್ದು ಕೇಳುತ್ತದೆ. ಆಮೇಲೆ ಮನೆಯವರ ಮಾತು ಕೇಳುತ್ತದೆ. ಮಗ್ಗದ ಮುಂದೆ ಕೂರುವವರು ಒಬ್ಬರು. ಅವರ ಹಿಂದೆ ದುಡಿಯುವವರು ಮನೆಮಂದಿಯೆಲ್ಲ. ನೂಲು ಬಿಡಿಸುವುದು, ಕಂಡಿಕೆ ಸುತ್ತುವುದು, ಹರಿದ ಎಳೆ ಸೇರಿಸುವುದು, ಇವೆಲ್ಲ ಹೆಂಗಸರ ಕೈಕೆಲಸ. ನಮ್ಮಲ್ಲಿ ಮೂವರು ಮಗ್ಗಕ್ಕೂ ಕೂರುತ್ತೇವೆ.

ನಮ್ಮದು ಏಳು ಜನರ ಸಂಘ. ವಾರಕ್ಕೊಮ್ಮೆ ಸೇರುತ್ತೇವೆ, ಉಳಿತಾಯದ ದುಡ್ಡು ಕಟ್ಟುತ್ತೇವೆ. ಸಂಜೆ ಹೊತ್ತು ಓದು ಬರಹ ಕಲಿತದ್ದೂ ಒಟ್ಟಿಗೆ. ಮೊದಲು ಹೆಸರು ಬರೆಯಲು ಕಲಿತೆವು. ಆಮೇಲೆ ಅಂಕಿ ಕಲಿತೆವು. ಅಳತೆ ಪಟ್ಟಿ ಓದಲು ಕಲಿತದ್ದು ಎಲ್ಲಕ್ಕಿಂತ ಕೊನೆಗೆ. ಇಂಚು ಗೊತ್ತಿತ್ತು. ಆ ಇಂಚಿನ ಪಕ್ಕದಲ್ಲಿ ಇರುವೆ ಸಾಲಿನಂತೆ ಇರುವ ಸಣ್ಣ ಸಣ್ಣ ಗೀಟುಗಳು ಮಿಲಿಮೀಟರ್ ಎಂದು ಗೊತ್ತಿರಲಿಲ್ಲ. ಅವು ಯಾತಕ್ಕೆ ಬೇಕು ಅಂತಲೂ ಆಗ ಅನಿಸಿತ್ತು. ಯಾತಕ್ಕೆ ಬೇಕು ಎಂಬುದನ್ನು ಈಗ ಹೇಳುತ್ತೇವೆ.

ಮರ ಸೀಳಿತು

ಒಂದು ಬೇಸಿಗೆ. ಮದುವೆ ಕಾಲ. ಮಗ್ಗಕ್ಕೆ ಬಿಡುವೇ ಇಲ್ಲ. ಆಗ ನಮ್ಮಲ್ಲಿ ಒಬ್ಬಳ ಮನೆಯ ಮಗ್ಗದಲ್ಲಿ ಅಚ್ಚಿನ ಮರ ಸೀಳಿಬಿಟ್ಟಿತು.

ಅಚ್ಚು ಎಂದರೆ ಬಾಚಣಿಗೆಯಂತೆ ಹಲ್ಲುಗಳಿರುವ ಸಾಧನ. ಕೆಲವು ಕಡೆ ಫಣಿ ಅಂತಾರೆ. ಹಾಸಿನ ಎಳೆಗಳು ಅದರ ಹಲ್ಲಿನ ನಡುವೆ ಹಾದು ಬರುತ್ತವೆ. ಲಾಳಿ ಒಂದು ಸಲ ಆ ಕಡೆಯಿಂದ ಈ ಕಡೆಗೆ ಓಡಿದ ಮೇಲೆ, ಅಚ್ಚು ಮುಂದೆ ಬಂದು ಹೊಕ್ಕಿನ ಎಳೆಯನ್ನು ಬಡಿದು ಕೂರಿಸುತ್ತದೆ. ಈ ಅಚ್ಚು ತಾನೇ ನಿಲ್ಲುವುದಿಲ್ಲ. ಕೆಳಗೊಂದು ಉದ್ದನೆಯ ಮರ, ಮೇಲೊಂದು ಮರ ಇರುತ್ತದೆ. ಆ ಮರಗಳಲ್ಲಿ ಉದ್ದಕ್ಕೂ ಕಾಲುವೆಯಂತೆ ತೋಡಿರುತ್ತಾರೆ. ಅಚ್ಚಿನ ಅಂಚು ಆ ಕಾಲುವೆಯಲ್ಲಿ ಕೂರುತ್ತದೆ.

ಕಾಲುವೆ ನೆಟ್ಟಗೆ ಇರಬೇಕು. ಸೊಟ್ಟಗಿದ್ದರೆ ಅಚ್ಚು ವಾಲುತ್ತದೆ. ಅಚ್ಚು ವಾಲಿದರೆ ಸೀರೆಯ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಅಂಥ ಸೀರೆಯನ್ನು ಕೂಲಿ ಕೊಡುವ ಸಾಹುಕಾರ ಮಡಿಕೆ ಬಿಚ್ಚಿ ನೋಡಿದ ಕೂಡಲೇ ಗುರುತಿಸುತ್ತಾನೆ. ಆಮೇಲೆ ಕೂಲಿಯಲ್ಲಿ ಕತ್ತರಿ.

ಮರ ಸೀಳಿದ ದಿನದಿಂದ ಮಗ್ಗ ನಿಂತಿತು. ಮಗ್ಗ ನಿಂತರೆ ಕೂಲಿ ನಿಂತ ಹಾಗೆ. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆಯೇ ಇತ್ತು. ಅದಕ್ಕೆ ಧೂಳು ಕೂರದಂತೆ ಹಳೆಯ ಸೀರೆ ಹೊದಿಸಿ ಕಾಯುತ್ತಿದ್ದೆವು.

ನಮ್ಮ ಓಣಿಯ ಮಗ್ಗಗಳ ಮರಗೆಲಸ ಮಾಡುತ್ತಿದ್ದವರು ಒಬ್ಬ ಆಚಾರಿ ತಾತ. ಅವರ ಮನೆಗೆ ಹೋದೆವು. ತಾತ ಜಗಲಿಯ ಮೇಲೆ ಕೂತಿದ್ದರು.

'ನನ್ನ ಕೈಲಿ ಆಗಲ್ಲ ಕಣಮ್ಮ,' ಅಂದರು. 'ಕಣ್ಣಿಗೆ ಪೊರೆ ಬಂದೈತೆ. ಉಳಿ ಹಿಡಿದ್ರೆ ಕೈ ನಡುಗ್ತೈತೆ. ಅಷ್ಟುದ್ದ ನೆಟ್ಟಗೆ ತೋಡೋದು ಇನ್ನ ನನ್ನ ಕೈಲಿ ಸಾಧ್ಯ ಇಲ್ಲ.'

'ನಿಮ್ಮ ಮಗನ್ನ ಕರೆಸಿ ತಾತ.'

'ಅವನು ಬೆಂಗಳೂರಲ್ಲಿ ಅವ್ನೆ. ಹಬ್ಬಕ್ಕೆ ಬಂದ್ರೆ ಬಂದ.'

ನಾವು ಎದ್ದು ಹೊರಟೆವು. ಬಾಗಿಲ ಹತ್ತಿರ ಬಂದಾಗ ತಾತ ಹಿಂದಿನಿಂದ ಕೂಗಿದರು. 'ಅಮ್ಮಯ್ಯ, ನೀವು ಅಂಕಿ ಓದ್ತೀರಂತೆ, ಹೌದಾ?'

'ಓದ್ತೀವಿ ತಾತ.'

'ಅವನ ಹಳೇ ಮಿಷನ್ ಒಂದು ಅಟ್ಟದ ಮೇಲೈತೆ. ರೂಟರ್ ಅಂತಾರೆ. ಕಾಲುವೆ ತೋಡಕ್ಕೇ ಇರೋದು ಅದು. ಅದರ ಮೈಮೇಲೆಲ್ಲ ಬರೀ ಅಂಕಿ. ನನಗೆ ಮರ ಗೊತ್ತು. ಅಂಕಿ ಗೊತ್ತಿಲ್ಲ. ನಿಮಗೆ ಅಂಕಿ ಗೊತ್ತು.'

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಇದು ಯಾವ ರೂಟರ್?

ಮನೆಗೆ ಹೋಗಿ ರೂಟರ್ ಕಲಿಯುತ್ತೇವೆ ಎಂದಾಗ ನಮ್ಮಲ್ಲೊಬ್ಬಳ ಗಂಡ ನಕ್ಕರು. 'ಇಂಟರ್ನೆಟ್ ಹಾಕ್ಸ್ತೀಯೇನೇ?' ಅಂದರು. ಪಂಚಾಯಿತಿ ಕಚೇರಿಯಲ್ಲಿ, ಅಂಗಡಿಗಳಲ್ಲಿ ಗೋಡೆಗೆ ಹಾಕಿರುವ, ದೀಪ ಮಿನುಗುವ ಪೆಟ್ಟಿಗೆಗೂ ರೂಟರ್ ಎಂದೇ ಹೆಸರು. ಅದು ಬೇರೆ, ಇದು ಬೇರೆ. ಅದು ದಾರಿ ತೋರಿಸುವುದು. ಇದು ಮರ ಕೆದಕುವುದು. ಹಂದಿ ಮೂತಿಯಿಂದ ನೆಲ ಕೆದಕುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಮಾತು ಇದೆ. ಈ ಮರದ ರೂಟರಿನ ಹೆಸರು ಅದರಿಂದ ಬಂದದ್ದು. ಯಂತ್ರ ಕೆಲಸ ಮಾಡುವುದನ್ನು ನೋಡಿದರೆ ಹೆಸರು ಸರಿಯಾಗಿಯೇ ಇದೆ ಅನಿಸುತ್ತದೆ.

ಅಟ್ಟದಿಂದ ಇಳಿಸಿದ ರೂಟರ್ ಸಣ್ಣದು. ಒಂದು ಕೈಯಲ್ಲಿ ಹಿಡಿಯಬಹುದು. ತೂಕ ಸುಮಾರು ಒಂದೂವರೆ ಕಿಲೊ. ಬಡಗಿಗಳು ಇದನ್ನು ಟ್ರಿಮ್ಮರ್ ಅಂತಲೂ ಕರೆಯುತ್ತಾರೆ. ಇದಕ್ಕಿಂತ ದೊಡ್ಡದೂ ಇದೆ. ಅದಕ್ಕೆ ಎರಡು ಹಿಡಿಗಳು. ಒತ್ತಿದರೆ ಕೆಳಗೆ ಇಳಿಯುತ್ತದೆ, ಬಿಟ್ಟರೆ ಮೇಲೆ ಏಳುತ್ತದೆ. ಬಾಗಿಲು ಚೌಕಟ್ಟಿನಂಥ ದೊಡ್ಡ ಕೆಲಸಕ್ಕೆ ಅದು ಬೇಕು. ನಾವು ಕಲಿತದ್ದು ಸಣ್ಣದರಲ್ಲಿ.

ಇದರ ಮೇಲ್ಭಾಗ ಮೋಟಾರು. ಕೆಳಭಾಗದಲ್ಲಿ ಚಪ್ಪಟೆ ತಳ. ತಳದ ನಡುವೆ ಒಂದು ತೂತು. ಆ ತೂತಿನಿಂದ ಕೆಳಕ್ಕೆ ಇಣುಕುವುದು ಬಿಟ್. ಮರ ಕೊರೆಯುವುದು ಬಿಟ್ಟಿನ ಕೆಲಸ. ನೆಟ್ಟಗೆ ಇರುವ ಬಿಟ್ ಕಾಲುವೆ ತೋಡುತ್ತದೆ. ಗುಂಡಗಿರುವ ಬಿಟ್ ಮೇಜಿನ ಅಂಚನ್ನು ನುಣುಪಾಗಿ ದುಂಡು ಮಾಡುತ್ತದೆ. ಕಿಟಕಿ ಚೌಕಟ್ಟಿನ ಮೇಲೆ ಬಳ್ಳಿಯಂಥ ಗೆರೆ ಬೇಕಾದರೆ ಅದಕ್ಕೆ ಬೇರೆ ಬಿಟ್. ಯಂತ್ರ ಒಂದೇ, ಬಿಟ್ ಹಲವು. ರೊಟ್ಟಿಗೂ ಒಗ್ಗರಣೆಗೂ ಒಲೆ ಒಂದೇ ಅಲ್ಲವೆ, ಹಾಗೆ.

ಚನ್ನಪಟ್ಟಣದ ಬಣ್ಣದ ಗೊಂಬೆ ನೀವು ನೋಡಿರುತ್ತೀರಿ. ಅಲ್ಲಿ ಹೆಂಗಸರೂ ಯಂತ್ರದ ಮುಂದೆ ಕೂತು ಮರ ಕಡೆಯುತ್ತಾರೆ, ತಿರುಗುವ ಮರಕ್ಕೆ ಅರಗಿನ ಬಣ್ಣ ಹಚ್ಚಿ ತಾಳೆಗರಿಯಿಂದ ಹೊಳಪು ಕೊಡುತ್ತಾರೆ. ಅಲ್ಲಿ ತಿರುಗುವುದು ಮರ. ಉಳಿ ಕೈಯಲ್ಲಿ ನಿಂತಿರುತ್ತದೆ. ರೂಟರಿನಲ್ಲಿ ಇದು ತಿರುವುಮುರುವು. ಮರ ನಿಂತಿರುತ್ತದೆ, ಬಿಟ್ ತಿರುಗುತ್ತದೆ. ಎಷ್ಟು ಜೋರಾಗಿ? ನಮ್ಮ ಮಿಷನ್ನಿನ ಮೈಮೇಲೆ 30000 ಎಂದು ಇತ್ತು. ಅಂದರೆ ನಿಮಿಷಕ್ಕೆ 30,000 ಸುತ್ತು. ಮನೆಯ ಸೀಲಿಂಗ್ ಫ್ಯಾನು ಜೋರಾಗಿ ತಿರುಗಿದರೂ ನಿಮಿಷಕ್ಕೆ 350 ಸುತ್ತಿನ ಆಸುಪಾಸು. ಲೆಕ್ಕ ಹಾಕಿ ನೋಡಿ. ನಾವು ಹಾಕಿದೆವು. ಹಾಕಿದ ಮೇಲೆ ಒಬ್ಬಳು ಮಿಷನ್ನನ್ನು ಮೆಲ್ಲಗೆ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

ಇಂಥ ಕೈ ರೂಟರ್ ಹುಟ್ಟಿ ನೂರು ವರ್ಷ ದಾಟಿದೆ. ಅಮೆರಿಕದಲ್ಲಿ ಕಾರ್ಟರ್ ಎಂಬ ಮರಗೆಲಸದವನೊಬ್ಬ ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು ಮಾಡಿದ ಎನ್ನುತ್ತಾರೆ. ಮೋಟಾರು ಎಲ್ಲಿಂದ ತಂದ ಗೊತ್ತೇ? ಕ್ಷೌರದ ಅಂಗಡಿಯ ಕೂದಲು ಕತ್ತರಿಸುವ ಯಂತ್ರದಿಂದ ಬಿಚ್ಚಿದ್ದಂತೆ. 1929ರಲ್ಲಿ ಸ್ಟಾನ್ಲಿ ಎಂಬ ದೊಡ್ಡ ಕಂಪನಿ ಅವನ ವ್ಯಾಪಾರವನ್ನು ಕೊಂಡಿತು. ತಾತನಿಗೆ ಈ ಕತೆ ಹೇಳಿದಾಗ ಅವರು ತಮ್ಮ ಬೋಳು ತಲೆ ಸವರಿಕೊಂಡು ನಕ್ಕರು.

ಮೊದಲ ದಿನ

ಮೊದಲ ದಿನ ಮಿಷನ್ನಿಗೆ ಕರೆಂಟೇ ಕೊಡಲಿಲ್ಲ. ತಾತ ಕೊಡಲು ಬಿಡಲಿಲ್ಲ.

'ಮೊದಲು ಬಳೆ ತೆಗೀರಿ,' ಅಂದರು.

ಗಾಜಿನ ಬಳೆ. ಮುತ್ತೈದೆಯರು ಬಳೆ ತೆಗೆಯುವುದೆಂದರೆ ನಮ್ಮ ಕಡೆ ಸುಲಭದ ಮಾತಲ್ಲ. ಒಬ್ಬಳ ಅತ್ತೆ ಜಗಳಕ್ಕೇ ಬಂದರು. ಕೊನೆಗೆ ಬಳೆಗಳನ್ನು ಮೊಣಕೈವರೆಗೆ ಏರಿಸಿ, ಮೇಲೆ ಗಂಡಸರ ಹಳೆಯ ಷರಟು ತೊಟ್ಟು, ತೋಳಿನ ಗುಂಡಿ ಹಾಕಿದೆವು. ಸೆರಗು ಷರಟಿನ ಒಳಗೆ ಸಿಕ್ಕಿಸಿದೆವು. ಜಡೆ ಸುತ್ತಿ ತುರುಬು ಕಟ್ಟಿದೆವು. ಸರ ಬಟ್ಟೆಯ ಒಳಗೆ. ಈಗ ಷರಟೇ ನಮ್ಮ ಸಮವಸ್ತ್ರ. ಕೆಲಸದ ದಿನ ಬಳೆಯನ್ನೂ ತೆಗೆದಿಡುತ್ತೇವೆ. ಅತ್ತೆಯವರು ಈಗ ಮಾತಾಡುವುದಿಲ್ಲ.

ಕೈಗೆ ಗವಸು ಹಾಕಿಕೊಳ್ಳೋಣವೇ ಎಂದು ಕೇಳಿದೆವು. ತಾತ ಬೇಡ ಅಂದರು. ಅವರು ಹೇಳಿದ್ದು ಸರಿ. ತಿರುಗುವ ಬಿಟ್ಟಿಗೆ ಬಟ್ಟೆಯ ತುದಿ ಸಿಕ್ಕಿದರೆ ಬಟ್ಟೆಯ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ. ಆದರೆ ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮೂಗಿಗೆ ಮಾಸ್ಕ್ ಬೇಕು. ಮರದ ಸಣ್ಣ ಹುಡಿ ಉಸಿರಿನಲ್ಲಿ ಒಳಗೆ ಹೋಗಿ ವರ್ಷಗಟ್ಟಲೆ ಸೇರಿದರೆ ಕೆಮ್ಮು, ಉಬ್ಬಸ ಬರುತ್ತದೆ. ಮೂಗಿನ ಒಳಗೆ ಕ್ಯಾನ್ಸರ್ ಬರುವುದೂ ಉಂಟು ಎಂದು ವೈದ್ಯವಿಜ್ಞಾನ ಕಂಡುಕೊಂಡಿದೆ. ತಾತನ ಕೆಮ್ಮು ಬೀಡಿಯದು ಎಂದು ನಾವು ಅಂದುಕೊಂಡಿದ್ದೆವು. ಅವರು ಬೀಡಿ ಸೇದಿದವರೇ ಅಲ್ಲವಂತೆ. ಕಿವಿ ಮುಚ್ಚುವ ಸಾಧನವೂ ಇದ್ದರೆ ಒಳ್ಳೆಯದು. ಇದರ ಸದ್ದು ಮಗ್ಗದ ಸದ್ದಿನಂತಲ್ಲ. ಕಿರುಚುತ್ತದೆ.

ಆಮೇಲೆ ಬಿಟ್ ಹಾಕುವುದು ಕಲಿತೆವು. ಪ್ಲಗ್ ಗೋಡೆಯಿಂದ ಕಿತ್ತ ಮೇಲೆಯೇ ಬಿಟ್ ಮುಟ್ಟಬೇಕು. ಸ್ವಿಚ್ ಆರಿಸಿದರೆ ಸಾಲದು. ನಾವು ಒಂದು ಪದ್ಧತಿ ಇಟ್ಟುಕೊಂಡೆವು. ಬಿಟ್ ಬದಲಿಸುವವಳು ಪ್ಲಗ್ಗನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂರಬೇಕು. ಪ್ಲಗ್ ಮಡಿಲಲ್ಲಿದ್ದರೆ ಗೋಡೆಯಲ್ಲಿ ಇರಲು ಸಾಧ್ಯವೇ ಇಲ್ಲ.

ಬಿಟ್ಟಿನ ಬಾಲವನ್ನು ಹಿಡಿದುಕೊಳ್ಳುವ ಬಾಯಿಗೆ ಕಾಲೆಟ್ ಅಂತಾರೆ. ಬಾಲವನ್ನು ಅದರೊಳಗೆ ಪೂರ್ತಿ ತಳ್ಳಬೇಕು. ತಳ ಮುಟ್ಟಿದ ಮೇಲೆ ಎರಡು ಮೂರು ಮಿಲಿಮೀಟರ್ ಹಿಂದಕ್ಕೆ ಎಳೆಯಬೇಕು. ಆಮೇಲೆ ಎರಡು ಸ್ಪ್ಯಾನರ್ ಹಾಕಿ ಬಿಗಿ ಮಾಡಬೇಕು. ಬಾಲ ತಳಕ್ಕೆ ತಾಗಿಕೊಂಡೇ ಇದ್ದರೆ, ಬಿಗಿಯಾದಂತೆ ಕಂಡರೂ ಸರಿಯಾಗಿ ಬಿಗಿಯಾಗಿರುವುದಿಲ್ಲ.

ಎರಡನೆಯ ದಿನ ಹಳೆಯ ಬೇವಿನ ಹಲಗೆಯ ತುಂಡಿನ ಮೇಲೆ ಶುರು ಮಾಡಿದೆವು. ನಮ್ಮ ಕಾಲುವೆ 12 ಮಿಲಿಮೀಟರ್ ಆಳ ಬೇಕಿತ್ತು. ನಮಗೆ ಆತುರ. ಒಂದೇ ಸಲಕ್ಕೆ 12ಕ್ಕೆ ಇಟ್ಟು ಒತ್ತಿದೆವು. ಮಿಷನ್ ಕರುವಿನಂತೆ ಜಿಗಿಯಿತು! ಹಲಗೆ ಚೂರು ಎದ್ದಿತು, ಸುಟ್ಟ ವಾಸನೆ ಬಂತು. ಹಿಡಿದಿದ್ದವಳು ಬಿಡಲಿಲ್ಲ, ಅದೇ ಪುಣ್ಯ.

'ಕೆರೆ ಹೂಳು ಒಂದೇ ಮಂಕರಿಯಲ್ಲಿ ಎತ್ತಕ್ಕಾಗ್ತೈತಾ?' ಅಂದರು ತಾತ.

ಮಿಷನ್ನಿನ ಪಕ್ಕದಲ್ಲಿ ಆಳದ ಗೀಟುಗಳಿವೆ. ಅಲ್ಲಿ ನಾವು ಕಲಿತ ಇರುವೆ ಸಾಲು ಮತ್ತೆ ಸಿಕ್ಕಿತು. ಒಂದು ಗೀಟು ಒಂದು ಮಿಲಿಮೀಟರ್. ಮೊದಲ ಸಲ 3. ಎರಡನೆಯ ಸಲ 6. ಮೂರನೆಯ ಸಲ 9. ನಾಲ್ಕನೆಯ ಸಲ 12. ಒಂದೇ ಕಾಲುವೆಯಲ್ಲಿ ನಾಲ್ಕು ಸಲ ಹೋಗಬೇಕು. ಮೂರರ ಮಗ್ಗಿ ಬಾಯಿಪಾಠ ಇದ್ದವಳು ಅಂಕಿ ಕೂಗಿದಳು. ಇನ್ನೊಬ್ಬಳು ತಿರುಪು ತಿರುಗಿಸಿದಳು. ಈ ಸಲ ಮಿಷನ್ ಹಸುವಿನಂತೆ ನಡೆಯಿತು.

ಯಾವ ಕಡೆಗೆ ನಡೆಸಬೇಕು ಎಂಬುದೂ ಮುಖ್ಯ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಹಲಗೆಯ ಅಂಚನ್ನು ನಮ್ಮ ಎದುರಿಗೆ ಇಟ್ಟುಕೊಂಡು ಕೊರೆಯುವಾಗ ಎಡದಿಂದ ಬಲಕ್ಕೆ ನಡೆಸಬೇಕು. ಆಗ ಬಿಟ್ ಮರವನ್ನು ಎದುರಿಸಿ ಕೊರೆಯುತ್ತದೆ, ನಮ್ಮ ಹತೋಟಿಯಲ್ಲಿ ಇರುತ್ತದೆ. ಬಲದಿಂದ ಎಡಕ್ಕೆ ನಡೆಸಿದರೆ ಬಿಟ್ ಚಕ್ರದಂತೆ ಮರದ ಮೇಲೆ ಓಡುತ್ತದೆ, ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಇದನ್ನು ನಾವು ಹೇಳಿ ಕೇಳಿ ಕಲಿಯಲಿಲ್ಲ. ಓಡಿಸಿಕೊಂಡು ಕಲಿತೆವು. ಹಲಗೆಯ ಮೇಲೆ ಆ ಗಾಯ ಈಗಲೂ ಇದೆ. ಹೊಸಬರಿಗೆ ತೋರಿಸಲು ಇಟ್ಟುಕೊಂಡಿದ್ದೇವೆ.

ಬಹಳ ನಿಧಾನ ಮಾಡಿದರೂ ತಪ್ಪು. ಒಂದೇ ಕಡೆ ನಿಂತರೆ ಮರ ಕಪ್ಪಗೆ ಸುಡುತ್ತದೆ. ಸದ್ದು ಕೇಳಿ ತಿಳಿಯಬೇಕು. ಸದ್ದು ಒಂದೇ ಸಮ ಇದ್ದರೆ ನಡಿಗೆ ಸರಿ. ಸದ್ದು ಕುಗ್ಗಿದರೆ ಅವಸರ ಮಾಡುತ್ತಿದ್ದೇವೆ ಎಂದು ಅರ್ಥ. ಇದರಲ್ಲಿ ಮಗ್ಗದವರಿಗೆ ಯಾರೂ ಪಾಠ ಹೇಳಬೇಕಿಲ್ಲ. ನಾವು ಮಗ್ಗದ ಸದ್ದಿನಲ್ಲೇ ಎಳೆ ಹರಿದದ್ದನ್ನು ತಿಳಿಯುವವರು.

ಆರಕ್ಕೂ ಆರಕ್ಕೂ ವ್ಯತ್ಯಾಸ

ಈಗ ನಮಗೆ ಆದ ನಷ್ಟದ ಮಾತು.

ತಾತನ ಮಗನ ಡಬ್ಬಿಯಲ್ಲಿ ಇದ್ದ ಬಿಟ್ಟುಗಳು ಮೊಂಡಾಗಿದ್ದವು. ನಮಗೆ 10 ಮಿಲಿಮೀಟರ್ ಅಗಲ ಕೊರೆಯುವ ಬಿಟ್ ಬೇಕಿತ್ತು. ಒಬ್ಬಳು ಪೇಟೆಗೆ ಹೋದಾಗ ಒಂದು ಅಂಗಡಿಯಲ್ಲಿ ಕೇಳಿದಳು. ಬಿಟ್ಟಿಗೆ ಎರಡು ಅಳತೆ ಇರುತ್ತದೆ. ಮರ ಕೊರೆಯುವ ತುದಿಯ ಅಳತೆ ಒಂದು. ಕಾಲೆಟ್ಟಿನೊಳಗೆ ಹೋಗುವ ಬಾಲದ ಅಳತೆ ಇನ್ನೊಂದು. ಅಂಗಡಿಯವನು ಬಾಲದ ಅಳತೆ ಕೇಳಿದ.

'ಆರು ಅಂತ ಕಾಣ್ತೈತೆ,' ಅಂದಳು ನಮ್ಮವಳು.

ಅವನು 6 ಎಂದು ಬರೆದಿದ್ದ ಬಿಟ್ ಕೊಟ್ಟ. ತಂದಳು. ಹಾಕಿದೆವು. ಬಿಗಿ ಮಾಡಿದೆವು. ಬಿಗಿಯೂ ಆಯಿತು.

ಸಂಘದ ಉಳಿತಾಯದಿಂದ ಸಾಲ ತೆಗೆದು ತೇಗದ ಮರ ತಂದಿದ್ದೆವು. ಏಳು ಅಡಿ ಉದ್ದ. ತಾತ ಅದನ್ನು ಬೆರಳಿನಿಂದ ತಟ್ಟಿ, ಮೂಸಿ ನೋಡಿ, ಗಂಟಿಲ್ಲದ ಮುಖ ಆರಿಸಿ ಕೊಟ್ಟಿದ್ದರು. ಆ ದಿನ ಎರಡು ಸಲ ಕರೆಂಟು ಹೋಯಿತು. ನಮ್ಮ ತಾಲ್ಲೂಕಿನ ತಿರುಮಣಿ ಸುತ್ತ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಸುಮಾರು 13,000 ಎಕರೆ ತುಂಬ ಕನ್ನಡಿಯಂಥ ಫಲಕಗಳು. ಆ ಕರೆಂಟು ದೂರದ ಊರುಗಳಿಗೆಲ್ಲ ಹೋಗುತ್ತದೆ. ನಮ್ಮ ಓಣಿಯಲ್ಲಿ ಆಗ ಕತ್ತಲೆ. ನಗು ಬಂತು, ಸಿಟ್ಟೂ ಬಂತು.

ಕರೆಂಟು ಬಂದ ಮೇಲೆ ಮೊದಲ ಸಲ 3, ಸರಿಹೋಯಿತು. ಎರಡನೆಯ ಸಲ 6, ಸರಿಹೋಯಿತು. ಮೂರನೆಯ ಸಲ ಅರ್ಧ ದಾರಿಯಲ್ಲಿ ಸದ್ದು ಬದಲಾಯಿತು. ಹಿಡಿದವಳಿಗೆ ಅನುಮಾನ ಬಂದು ಆರಿಸಿದಳು. ಬಿಟ್ ಪೂರ್ತಿ ನಿಂತ ಮೇಲೆ ಎತ್ತಿದಳು. ಬೆಂಕಿಕಡ್ಡಿ ಇಳಿಬಿಟ್ಟು ಆಳ ಅಳೆದೆವು. 9 ಇರಬೇಕಾದ ಕಡೆ 16 ಇತ್ತು.

ಬಿಟ್ ಜಾರಿ ಕೆಳಕ್ಕೆ ಇಳಿದಿತ್ತು.

ನಮ್ಮಲ್ಲೊಬ್ಬಳು ಅಳಲು ಶುರು ಮಾಡಿದಳು. ಸಾಲದ ಮರ. ಮಗ್ಗ ನಿಂತು ಹದಿನೈದು ದಿನ ಆಗಿತ್ತು. ತಪ್ಪು ಯಾರದು ಎಂಬ ಜಗಳ ಸ್ವಲ್ಪ ಹೊತ್ತು ನಡೆಯಿತು. ಬಿಗಿ ಮಾಡಿದವಳದೋ, ಹಿಡಿದವಳದೋ, ತಂದವಳದೋ.

ಆಗ ಒಬ್ಬಳು ಮಿಷನ್ನಿನ ಮೂತಿಯನ್ನು ದೀಪದ ಹತ್ತಿರ ಹಿಡಿದು ಓದಿದಳು. ಕಾಲೆಟ್ಟಿನ ಮೇಲೆ ಸಣ್ಣ ಅಂಕಿ. ಧೂಳು ತುಂಬಿತ್ತು. ಸೆರಗಿನಿಂದ ಒರೆಸಿದಳು. 6, ಆಮೇಲೆ ಒಂದು ಚುಕ್ಕಿ, ಆಮೇಲೆ 35.

6.35.

ಚುಕ್ಕಿಯನ್ನು ನಾವು ಧೂಳು ಎಂದುಕೊಂಡಿದ್ದೆವು.

ಒಂದು ಇಂಚು ಎಂದರೆ 25.4 ಮಿಲಿಮೀಟರ್. ಅದರ ಕಾಲು ಭಾಗ 6.35. ಅಂದರೆ ನಮ್ಮ ಮಿಷನ್ ಕಾಲು ಇಂಚಿನದು. ತಂದ ಬಿಟ್ಟಿನ ಬಾಲ 6 ಮಿಲಿಮೀಟರಿನದು. ನಡುವೆ ವ್ಯತ್ಯಾಸ 0.35 ಮಿಲಿಮೀಟರ್. ಕಣ್ಣಿಗೆ ಕಾಣುವುದೇ ಕಷ್ಟ. ಆದರೆ ಸೆಕೆಂಡಿಗೆ 500 ಸುತ್ತು ಸುತ್ತುವ ಕಡೆ ಅಷ್ಟು ಸಡಿಲ ಸಾಕು. ಅಂಗಡಿಗಳಲ್ಲಿ ಎರಡು ಬಗೆಯ ಮಿಷನ್ನೂ ಸಿಗುತ್ತದೆ, ಎರಡು ಬಗೆಯ ಬಿಟ್ಟೂ ಸಿಗುತ್ತದೆ. ಎರಡೂ ಒಂದೇ ಎಂದು ಹೇಳುವವರೂ ಸಿಗುತ್ತಾರೆ. ನಮ್ಮ ಬಿಟ್ ಮರದ ಒಳಕ್ಕೆ ಇಳಿಯಿತು. ಹೊರಕ್ಕೆ ಹಾರಿದ್ದರೆ ಯಾರ ಮುಖಕ್ಕೆ ಬಡಿಯುತ್ತಿತ್ತೋ. ಮರ ಹೋದದ್ದಕ್ಕೆ ಅತ್ತವಳು ಇದು ತಿಳಿದ ಮೇಲೆ ಅಳು ನಿಲ್ಲಿಸಿ ಸುಮ್ಮನೆ ಕೂತಳು.

ತಾತ ಬಂದು ಮರದ ಗಾಯವನ್ನು ಹೆಬ್ಬೆರಳಿನಿಂದ ಸವರಿದರು. ಬೈಯಲಿಲ್ಲ.

'ಸೀರೆಯಲ್ಲಿ ಎಳೆ ಹರಿದ್ರೆ ಸೀರೆ ಎಸೀತೀರಾ?' ಅಂದರು.

ಆಳವಾದ ಕಡೆಗೆ ಸರಿಯಾಗಿ ಕೂರುವಂತೆ ಅದೇ ತೇಗದ ತೆಳ್ಳನೆಯ ಪಟ್ಟಿ ಸೀಳಿಸಿದರು. ಅಂಟು ಹಚ್ಚಿ ಕೂರಿಸಿ, ಮೇಲೆ ಭಾರ ಹೇರಿ, ರಾತ್ರಿಯೆಲ್ಲ ಬಿಟ್ಟೆವು. ಒಣಗಿದ ಮೇಲೆ ಅದರ ಮೇಲೆಯೇ ಮತ್ತೆ ಕೊರೆಯಬಹುದು. ಆ ಜಾಗ ಇವತ್ತಿಗೂ ಸ್ವಲ್ಪ ಕಪ್ಪಗೆ ಕಾಣುತ್ತದೆ. ಅಚ್ಚಿನ ಅಡಿಗೆ ಹೋಗುವ ಜಾಗ, ಯಾರೂ ನೋಡುವುದಿಲ್ಲ. ನಮಗೆ ಗೊತ್ತು.

ಬಿಟ್ ಬದಲಿಸಲು ನಮ್ಮಲ್ಲಿ ಇಬ್ಬರು ಹೋದೆವು. ಈ ಸಲ ಕಾಗದದಲ್ಲಿ 6.35 ಎಂದು ಬರೆದುಕೊಂಡು ಹೋದೆವು. ಅಂಗಡಿಯವನು 'ಎರಡೂ ಒಂದೇ ಕಣಮ್ಮ' ಅಂದ. ಕಾಗದ ತೋರಿಸಿದೆವು. ಒಳಗೆ ಹೋಗಿ ಹುಡುಕಿ ತಂದುಕೊಟ್ಟ.

ನೆಟ್ಟನೆಯ ಕಾಲುವೆ

ಬರೀ ಕೈಯಿಂದ ನೆಟ್ಟಗೆ ತೋಡಲು ಯಾರಿಗೂ ಆಗದು. ಅದಕ್ಕೆ ಒಂದು ಸೀದಾ ಪಟ್ಟಿ ಬೇಕು. ಮಿಷನ್ನಿನ ತಳವನ್ನು ಆ ಪಟ್ಟಿಗೆ ಒತ್ತಿ ಹಿಡಿದು ನಡೆಸಬೇಕು. ಗೆರೆ ಎಳೆಯುವಾಗ ಅಡಿಕೋಲು ಇಡುತ್ತೇವಲ್ಲ, ಹಾಗೆಯೇ.

ಪಟ್ಟಿ ಎಲ್ಲಿ ಇಡಬೇಕು? ನಮ್ಮ ಮಿಷನ್ನಿನ ತಳ ಚೌಕ. ಅಗಲ 90 ಮಿಲಿಮೀಟರ್. ಬಿಟ್ ನಡುವೆ ಇದೆ. ಹಾಗಾದರೆ ಬಿಟ್ಟಿನಿಂದ ತಳದ ಅಂಚಿಗೆ ಅರ್ಧ, ಅಂದರೆ 45. ಮೊದಲು ಮರದ ಮೇಲೆ ಕಾಲುವೆಯ ನಡುಗೆರೆ ಎಳೆದೆವು. ಅಲ್ಲಿಂದ 45 ಮಿಲಿಮೀಟರ್ ಅಳೆದು ಪಟ್ಟಿ ಕೂರಿಸಿದೆವು. ಒಂದು ತುದಿಯಲ್ಲಿ ಅಳೆದರೆ ಸಾಲದು. ಎರಡೂ ತುದಿಯಲ್ಲಿ, ನಡುವಿನಲ್ಲೂ ಅಳೆದೆವು. ನಮ್ಮ ಮರ ಅಷ್ಟು ಅಗಲ ಇರಲಿಲ್ಲ. ಪಕ್ಕದಲ್ಲಿ ಅಷ್ಟೇ ಎತ್ತರದ ಇನ್ನೊಂದು ಮರ ಸೇರಿಸಿ ಇಟ್ಟು, ಎಲ್ಲವನ್ನೂ ಕ್ಲ್ಯಾಂಪ್ ಹಾಕಿ ಬಿಗಿ ಮಾಡಿದೆವು.

ಮಿಷನ್ನನ್ನು ನಮ್ಮಿಂದ ಮುಂದಕ್ಕೆ ತಳ್ಳಿಕೊಂಡು ಹೋಗುವಾಗ ಪಟ್ಟಿ ನಮ್ಮ ಎಡಗಡೆ ಇರಬೇಕು. ಬಿಟ್ ತಿರುಗುವ ರಭಸಕ್ಕೆ ಮಿಷನ್ ಎಡಕ್ಕೆ ವಾಲುತ್ತದೆ. ಎಡಗಡೆ ಪಟ್ಟಿ ಇದ್ದರೆ ಅದಕ್ಕೆ ಒರಗಿಕೊಂಡು ನೆಟ್ಟಗೆ ಹೋಗುತ್ತದೆ. ಬಲಗಡೆ ಇಟ್ಟರೆ ಪಟ್ಟಿ ಬಿಟ್ಟು ದೂರ ಓಡುತ್ತದೆ.

3, 6, 9, 12. ಒಬ್ಬಳು ಹಿಡಿದಳು. ಒಬ್ಬಳು ವಯರು ಕಾಲಿಗೆ ಸಿಗದಂತೆ ಎತ್ತಿ ಹಿಡಿದಳು. ಒಬ್ಬಳು ಸ್ವಿಚ್ಚಿನ ಹತ್ತಿರ ನಿಂತಳು. ಪ್ರತಿ ಸಲ ಮುಗಿದ ಮೇಲೆ ಹುಡಿ ಗುಡಿಸಿ, ಆಳ ಅಳೆದು, ಸರಿಯಿದೆ ಎಂದು ಕಂಡ ಮೇಲೆ ಮುಂದಿನ ಅಂಕಿ. ಎರಡು ಗಂಟೆ ಹಿಡಿಯಿತು. ಕಸುಬು ಕಲಿತ ಬಡಗಿ ಅರ್ಧ ಗಂಟೆಯಲ್ಲಿ ಮಾಡುತ್ತಾನೆ. ಮಾಡಲಿ.

ಅಚ್ಚು ತಂದು ಇಟ್ಟೆವು. ಮೊದಲು ಕೂರಲಿಲ್ಲ. ಮೂಲೆಯಲ್ಲಿ ಹುಡಿ ಉಳಿದಿತ್ತು. ತಾತ ತಮ್ಮ ಹಳೆಯ ಉಳಿ ತಂದು, ನಡುಗುವ ಕೈಯಿಂದಲೇ, ಕಾಲುವೆಯ ಎರಡು ತುದಿ ಕೆತ್ತಿ ಚೌಕ ಮಾಡಿದರು. ರೂಟರ್ ತುದಿಯನ್ನು ಗುಂಡಗೆ ಬಿಡುತ್ತದೆ, ಚೌಕ ಮಾಡಲು ಅದಕ್ಕೆ ಬಾರದು. ಅದಕ್ಕೆ ಇವತ್ತಿಗೂ ಉಳಿಯೇ ಬೇಕು. ಆಮೇಲೆ ಅಚ್ಚು ಕೂತಿತು. ಮರುದಿನ ಮಗ್ಗ ಕಟ್ಟಿ, ಹೊದಿಸಿದ್ದ ಹಳೆಯ ಸೀರೆ ತೆಗೆದೆವು. ಅರ್ಧದಲ್ಲಿ ನಿಂತಿದ್ದ ಸೀರೆ ಆರು ದಿನದಲ್ಲಿ ಮುಗಿಯಿತು. ಅದರಲ್ಲಿ ಹಳೆಯ ಮರದಲ್ಲಿ ನೇಯ್ದದ್ದು ಎಲ್ಲಿಯವರೆಗೆ, ಹೊಸ ಮರದಲ್ಲಿ ನೇಯ್ದದ್ದು ಎಲ್ಲಿಂದ ಎಂದು ಸಾಹುಕಾರನಿಗೆ ಗೊತ್ತಾಗಲಿಲ್ಲ.

ನೀವೂ ಹಿಡಿಯುವುದಾದರೆ

ಸಣ್ಣ ರೂಟರಿಗೆ ಎರಡು ಸಾವಿರದಿಂದ ನಾಲ್ಕೈದು ಸಾವಿರ ರೂಪಾಯಿವರೆಗೆ ಬೆಲೆ ಇದೆ. ಕರೆಂಟು ಬಹಳ ತಿನ್ನುವುದಿಲ್ಲ. 600 ವ್ಯಾಟಿನದು ಒಂದು ಗಂಟೆ ಪೂರ್ತಿ ಓಡಿದರೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಮಿಷನ್ನಿಗಿಂತ ಬಿಟ್ಟಿಗೆ ದುಡ್ಡು ಹಾಕಿ. ಮೊಂಡು ಬಿಟ್ಟೇ ಕೈಗೆ ಅಪಾಯ.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಪಿ.ಎಂ. ವಿಶ್ವಕರ್ಮ ಎಂಬ ಯೋಜನೆ ಶುರು ಮಾಡಿತು. ಅದರಲ್ಲಿ 18 ಕಸುಬುಗಳಿವೆ. ಬಡಗಿ ಕೆಲಸ ಅದರಲ್ಲಿ ಒಂದು. ಮಗ್ಗದ ನೇಯ್ಗೆ ಆ ಪಟ್ಟಿಯಲ್ಲಿ ಇಲ್ಲ, ಅದು ನಮಗೆ ಬೇಸರ. ಯೋಜನೆಯಲ್ಲಿ ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಸಾಮಾನು ಕೊಳ್ಳಲು 15,000 ರೂಪಾಯಿವರೆಗೆ ನೆರವು, ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ 5 ಪರ್ಸೆಂಟ್ ಬಡ್ಡಿಯ ಸಾಲ ಎಂದು ಇಟ್ಟಿದ್ದಾರೆ. 18 ವರ್ಷ ತುಂಬಿರಬೇಕು. ಒಂದು ಮನೆಯಿಂದ ಒಬ್ಬರಿಗೆ ಮಾತ್ರ. ಹೆಂಗಸರೂ ಅರ್ಜಿ ಹಾಕಬಹುದು. ಅರ್ಜಿಯ ಕಾಗದ ಬೇರೆಯವರ ಕೈಗೆ ಕೊಡುವ ಮೊದಲು ನೀವೇ ಒಮ್ಮೆ ಓದಿ, ಅಂಕಿಗಳನ್ನು ಬೆರಳಿಟ್ಟು ಓದಿ.

ನಾವು ಆಮೇಲೆ ಓಣಿಯಲ್ಲಿ ಇನ್ನೂ ನಾಲ್ಕು ಮಗ್ಗಗಳಿಗೆ ಅಚ್ಚಿನ ಮರ ಮಾಡಿಕೊಟ್ಟೆವು. ಸಂಘದ ಸಾಲ ತೀರಿತು. ನೀರಿಲ್ಲದ ತಾಲ್ಲೂಕಿನಲ್ಲಿ ಕಾಲುವೆ ತೋಡುವವರು ಎಂದು ನಮ್ಮನ್ನು ಗೇಲಿ ಮಾಡುತ್ತಾರೆ. ತಾತನ ಒಂದು ಕಣ್ಣಿನ ಪೊರೆ ತೆಗೆಸಿದ್ದಾಯಿತು. ಇನ್ನೊಂದು ಬಾಕಿ ಇದೆ.

ಬಿಟ್ಟುಗಳನ್ನು ಈಗ ಎರಡು ಡಬ್ಬಿಯಲ್ಲಿ ಇಡುತ್ತೇವೆ. ಒಂದು ಕುಂಕುಮದ ಡಬ್ಬಿ, ಇನ್ನೊಂದು ಪೌಡರ್ ಡಬ್ಬಿ. ಕುಂಕುಮದ ಡಬ್ಬಿಯ ಮೇಲೆ 6.35 ಎಂದು ಬರೆದಿದ್ದೇವೆ. ಚುಕ್ಕಿಯನ್ನು ಬೇಕೆಂದೇ ಕಡಲೆಕಾಯಿ ಬೀಜದಷ್ಟು ದಪ್ಪ ಮಾಡಿದ್ದೇವೆ, ತಾತನಿಗೂ ಕಾಣಲಿ ಎಂದು.